ಬೆಂಕಿಯಿಂದ ಹೊಗೆಯ ಅನುಮಾನ

ಬೆಟ್ಟದ ಮೇಲೆ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯುಂಟೆಂದು ತಿಳಿಯುವುದು ತರ್ಕಶಾಸ್ತ್ರದ ಮೊದಲ ಪಾಠ. ಆದರೆ ಬೆಂಕಿಯಿರುವುದರಿಂದಲೇ ಹೊಗೆಯೂ ಉಂಟೆಂಬ ವಿಪರೀತಕ್ರಮವನ್ನು ನೈಯಾಯಿಕರು ಒಪ್ಪುವುದಿಲ್ಲ. ಕಾಯಿಸಿದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹಸಿಸೌದೆಯ ಸಂಯೋಗವಿದ್ದಲ್ಲಿ ಮಾತ್ರವೇ ಹೊಗೆಯೇಳುವುದು. ಈ ಸಂಯೋಗವನ್ನು ಅವರು ಉಪಾಧಿಯೆಂದು ಕರೆದರು.

ಈ ಕಾಲದ ಕೈಗಾರಿಕೆಗಳ ಹೊಗೆಯನ್ನು ಲೆಕ್ಕಹಾಕುವ ಕ್ರಮವಾದರೋ ಬಹುಮಟ್ಟಿಗೆ ಈ ವಿಪರೀತಾನುಮಾನವೇ ಆಗಿದೆ. ಪ್ರತಿಯೊಂದು ಚಿಮಣಿಯಲ್ಲಿಯೂ ಅಳತೆಯ ಯಂತ್ರವನ್ನಿಡುವುದು ಬಹಳ ವೆಚ್ಚದ ಕೆಲಸ. ಆದುದರಿಂದ ಕೆಲವು ಕಾರ್ಖಾನೆಗಳಲ್ಲಿ ಅಳೆದು, ಸರಾಸರಿ ತೆಗೆದು, ಒಂದು ಟನ್ ಇಂಧನಕ್ಕೆ ಇಷ್ಟು ಕಲ್ಮಷವೆಂದು ಗೊತ್ತುಮಾಡುವರು. ಇದಕ್ಕೆ ಉತ್ಸರ್ಜನ ಗುಣಕವೆಂದು ಹೆಸರು. ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ಇಂತಹ ಗುಣಕಗಳ ಸಂಗ್ರಹವಾದ 'ಎಪಿ-೪೨' ಎಂಬ ಗ್ರಂಥವು ೧೯೬೮ರಲ್ಲಿ ಮೊದಲು ಪ್ರಕಟವಾಯಿತು. ಅದರ ಐದನೆಯ ಆವೃತ್ತಿಯು ೧೯೯೫ರಲ್ಲಿ ಹೊರಬಂದಿತು.

ಒಂದು ದೃಷ್ಟಾಂತವನ್ನು ನೋಡಬಹುದು. ನೂರಕ್ಕೆ ಒಂದರಂತೆ ಗಂಧಕವಿರುವ ಸಾವಿರ ಕಿಲೋ ಕಲ್ಲಿದ್ದಲಿನಲ್ಲಿ ೧೦ ಕಿಲೋ ಗಂಧಕವಿದೆ. ಉರಿಯುವಾಗ ಅದು ಗಾಳಿಯ ಆಮ್ಲಜನಕದೊಡನೆ ಕೂಡಿ ಇಮ್ಮಡಿ ತೂಕದ ವಿಷವಾಯುವಾಗುವುದು. ನೂರಕ್ಕೆ ಐದರಷ್ಟು ಬೂದಿಯಲ್ಲಿ ಉಳಿಯುವುದೆಂದು ಕಳೆದರೆ ೧೯ ಕಿಲೋ. ಗ್ರಂಥದ ಗುಣಕವೂ ಅಷ್ಟೇ. ದಿನಕ್ಕೆ ಸಾವಿರ ಟನ್ ಸುಡುವಲ್ಲಿ ೧೯ ಟನ್ ವಾಯು. ಅದನ್ನು ತಡೆಯುವ ಯಂತ್ರವು ನೂರಕ್ಕೆ ತೊಂಬತ್ತನ್ನು ಹಿಡಿದರೆ ೧.೯ ಟನ್ ಹೊರಬೀಳುವುದು. ಯಂತ್ರವು ಸವೆದು ಎಂಬತ್ತನ್ನೇ ಹಿಡಿದರೆ ೩.೮ ಟನ್. ಹೊರಗಿನ ವಿಷವು ಇಮ್ಮಡಿಯಾದರೂ ಕಾಗದದ ಮೇಲಿನ ಅಂಕೆ ಅಲುಗದು. ಇಲ್ಲಿ ಯಂತ್ರದ ಸ್ಥಿತಿಯೇ ಉಪಾಧಿ.

ಹಾಗಾದರೆ ಗ್ರಂಥವನ್ನು ನಂಬಿ ಅಂಕೆಯನ್ನು ಬರೆದವನು ಸುಳ್ಳುಗಾರನೆ? ಗ್ರಂಥವೇನೂ ಮೋಸಮಾಡುವುದಿಲ್ಲ. ತನ್ನ ಗುಣಕಗಳು ಸರಾಸರಿಗಳೆಂದೂ, ಸುಮಾರು ಅರ್ಧದಷ್ಟು ಕಾರ್ಖಾನೆಗಳು ಅದಕ್ಕಿಂತ ಹೆಚ್ಚಾಗಿಯೇ ಹೊರಬಿಡುವುವೆಂದೂ ಪೀಠಿಕೆಯಲ್ಲಿ ಹೇಳಿ, ಗುಣಕಗಳಿಗೆ ಅವುಗಳ ವಿಶ್ವಾಸಾರ್ಹತೆಗೆ ತಕ್ಕಂತೆ 'ಎ'ಯಿಂದ 'ಇ'ಯವರೆಗೆ ತರಗತಿಯನ್ನೂ ಕೊಟ್ಟಿದೆ. ಅಲ್ಲಿಯ ಪರಿಸರ ಸಂರಕ್ಷಣಾ ಸಂಸ್ಥೆಯು ೨೦೨೦ರಲ್ಲಿ ಇವುಗಳ ಅನುಚಿತ ಪ್ರಯೋಗದ ವಿಷಯವಾಗಿ ಮತ್ತೆ ಎಚ್ಚರಿಸಿತು.

ಒಂದು ದೇಶದ ಒಟ್ಟು ಹೊಗೆಯನ್ನು ಅಂದಾಜುಮಾಡುವಾಗ ಒಂದೆಡೆಯ ಹೆಚ್ಚು ಇನ್ನೊಂದೆಡೆಯ ಕಡಮೆಯೊಡನೆ ಸರಿತೂಗಬಹುದು. ಅಲ್ಲಿ ಗುಣಕವು ಉಪಕಾರಿ. ಆದರೆ ಚಿಮಣಿಯ ನೆರಳಿನಲ್ಲಿ ಮಲಗಿದ ಮಗು ಸರಾಸರಿಯ ಗಾಳಿಯನ್ನು ಉಸಿರಾಡುವುದಿಲ್ಲ. ಅಳೆಯಲಾರದವನು ಅನುಮಾನವನ್ನು ಆಶ್ರಯಿಸಿದರೆ ದೋಷವಿಲ್ಲ. ಅಳೆಯಬಲ್ಲವನು, ಅಳೆದರೆ ಅಂಕೆ ಏರೀತೆಂದು ಹೆದರಿ ಗುಣಕದ ಮರೆಯಲ್ಲಿ ನಿಂತರೆ, ಅವನ ಲೆಕ್ಕದಲ್ಲಿ ತಪ್ಪಿಲ್ಲದಿದ್ದರೂ ನಡತೆಯಲ್ಲಿ ಅಸತ್ಯವಿದೆ. ಅಂಕೆಯನ್ನು ಹೇಳುವವನು ಅದರ ಉಪಾಧಿಯನ್ನೂ ಹೇಳುವುದು ಧರ್ಮ.