ಯಂತ್ರಕ್ಕೆ ಕಲಿಸಿದ ಕೈತಪ್ಪು

ಕೈಕಸೂತಿ ಸಾಯುತ್ತಿದೆ, ಯಂತ್ರ ಅದನ್ನು ಕೊಲ್ಲುತ್ತಿದೆ ಎಂದು ಅಳುವವರು ಬಹಳ ಜನ ಇದ್ದಾರೆ. ಅವರಲ್ಲಿ ಸೂಜಿ ಹಿಡಿದು ಬೆನ್ನು ಬಗ್ಗಿಸಿದವರು ಎಷ್ಟು ಅಂತ ಹುಡುಕಿದರೆ ಸಿಗುವವರು ಕಡಿಮೆ. ಕೈಗೆ ಆತ್ಮ ಇದೆ, ಯಂತ್ರಕ್ಕೆ ಇಲ್ಲ ಎನ್ನುವ ಮಾತು ಕೇಳುವುದಕ್ಕೆ ಚೆಂದ. ಆದರೆ ನಮ್ಮ ಕೇರಿಗಳ ಅನುಭವ ಬೇರೆ. ಚರ್ಮ ಹದ ಮಾಡಿದ್ದು ಕೈ, ಮಲ ಎತ್ತಿದ್ದು ಕೈ, ಒಡೆಯರ ಗದ್ದೆಯಲ್ಲಿ ನಾಟಿ ಹಾಕಿದ್ದೂ ಕೈ. ಆ ಕೈಗಳಲ್ಲಿ ಯಾರೂ ಆತ್ಮ ಕಾಣಲಿಲ್ಲ. ಮುಟ್ಟಿದರೆ ಮೈಲಿಗೆ ಅಂದರು, ಅಷ್ಟೆ. ಆದ್ದರಿಂದ ಕೈಪೂಜೆಗೆ ನಮ್ಮನ್ನು ಕರೆದಾಗ, ಯಾರ ಕೈ ಸ್ವಾಮಿ ಎಂದು ಕೇಳಲೇಬೇಕಾಗುತ್ತದೆ.

ಗಾಂಧೀಜಿ ಯಂತ್ರವನ್ನು ಅನುಮಾನದಿಂದ ನೋಡಿದವರು. ಆದರೂ 1924ರಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟರು. ಹೆಂಡತಿ ಕೈಯಲ್ಲಿ ಹೊಲಿದು ಹೊಲಿದು ಸೊರಗುವುದನ್ನು ನೋಡಲಾರದೆ ಸಿಂಗರ್ ಅದನ್ನು ಮಾಡಿದ, ಅದರ ಹಿಂದೆ ಪ್ರೀತಿ ಇದೆ ಅನ್ನುವುದು ಅವರ ವಾದ. ಅಂಬೇಡ್ಕರರಿಗೆ ಈ ಪ್ರೇಮಕಥೆ ಬೇಕಾಗಿರಲಿಲ್ಲ. ಕಾಂಗ್ರೆಸ್ಸೂ ಗಾಂಧಿಯೂ ಅಸ್ಪೃಶ್ಯರಿಗೆ ಮಾಡಿದ್ದೇನು ಎಂದು ವಿಚಾರಿಸಿ 1945ರಲ್ಲಿ ತಂದ ಪುಸ್ತಕದಲ್ಲಿ ಅವರ ವಾದ ನೇರವಾಗಿದೆ. ಮನುಷ್ಯ ಪಶುವಿನ ಹಾಗೆ ದುಡಿಯುವುದು ತಪ್ಪಬೇಕಾದರೆ, ಅವನಿಗೆ ಬಿಡುವು ಸಿಗಬೇಕಾದರೆ ಯಂತ್ರ ಬೇಕು. ಕೆಡುಕು ಇರುವುದು ಯಂತ್ರದಲ್ಲಲ್ಲ, ಅದರ ಲಾಭವನ್ನು ಕೆಲವರೇ ನುಂಗುವಂತೆ ಕಟ್ಟಿದ ಸಮಾಜದಲ್ಲಿ. ನಾನು ಅಂಬೇಡ್ಕರರ ಕಡೆ. ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಓದಿದವನು ನಾನು. ಆ ಫೀಸು ಬಂದದ್ದು ಅವ್ವ ಪೀಣ್ಯದ ಗಾರ್ಮೆಂಟಿನಲ್ಲಿ ತುಳಿದ ಹೊಲಿಗೆ ಯಂತ್ರದಿಂದ.

ಆದರೂ ಮಾದನಾಯಕನಹಳ್ಳಿಯ ಒಂದು ಶೆಡ್ಡಿನಲ್ಲಿ ನೋಡಿದ್ದು ಈ ನಿಲುವಿನೊಳಗೆ ಸಲೀಸಾಗಿ ಕೂರಲಿಲ್ಲ. ತುಮಕೂರು ರಸ್ತೆಯಲ್ಲಿ ಪೀಣ್ಯ ದಾಟಿ, ನೆಲಮಂಗಲಕ್ಕೆ ಮೊದಲು ಸಿಗುವ ಊರು ಅದು. ಗೋಡೌನು, ಲಾರಿ, ತಗಡಿನ ಶೆಡ್ಡುಗಳು. ಡಿಗ್ರಿ ಮುಗಿದು ಬೇರೆ ಕೆಲಸ ಸಿಗದೆ, ಎಂಟು ತಿಂಗಳು ಅಲ್ಲಿ ಎಂಬ್ರಾಯ್ಡರಿ ಜಾಬ್‌ವರ್ಕ್ ಮಾಡುವವರ ಹತ್ತಿರ ಲೆಕ್ಕ ಬರೆದೆ. ಸಾಲಾಗಿ 15 ತಲೆಯ ಯಂತ್ರ. ಒಂದೊಂದು ತಲೆಯೂ ನಿಮಿಷಕ್ಕೆ ಸುಮಾರು 800 ಹೊಲಿಗೆ ಹಾಕುತ್ತದೆ. ಸಾವಿರ ಹೊಲಿಗೆಗೆ ಇಷ್ಟು ಅಂತ ಬಿಲ್ಲು. ಚಿತ್ರವನ್ನು ಯಂತ್ರಕ್ಕೆ ತಿಳಿಯುವ ಹಾಗೆ ಕಂಪ್ಯೂಟರಿನಲ್ಲಿ ಮಾಡಿಕೊಡುವುದಕ್ಕೆ ಪಂಚಿಂಗ್ ಅಂತಾರೆ. ರಟ್ಟಿಗೆ ತೂತು ಹೊಡೆದು ಯಂತ್ರಕ್ಕೆ ದಾರಿ ತೋರಿಸುತ್ತಿದ್ದ ಕಾಲದ ಹೆಸರು ಅದು, ಇನ್ನೂ ಉಳಿದಿದೆ.

ಒಂದು ಸಲ ಹಳೇ ಲಂಬಾಣಿ ಫೇಟಿಯಾದ ಅಂಚಿನ ಫೋಟೋ ಬಂತು. ಹಳೇ ಕೈಕೆಲಸದ ಹಾಗೇ ಕಾಣಬೇಕು ಅಂತ ಆರ್ಡರು. ಮೊದಲ ಸ್ಯಾಂಪಲ್ಲು ವಾಪಸ್ಸು ಬಂತು, ಕಾರಣ: ತೀರಾ ನೀಟಾಗಿದೆ. ಪಂಚಿಂಗ್ ಮಾಸ್ಟರು ಕೂತು ಹೊಲಿಗೆಯ ಉದ್ದವನ್ನು ಏರುಪೇರು ಮಾಡಿದ. ಒಂದು ಗೆರೆ ಚೂರು ವಾಲುವ ಹಾಗೆ, ಒಂದು ತ್ರಿಕೋನ ಗಿಡ್ಡ ಆಗುವ ಹಾಗೆ ಯಂತ್ರಕ್ಕೆ ಹೇಳಿಕೊಟ್ಟ. ಎರಡನೇ ಸ್ಯಾಂಪಲ್ಲು ಪಾಸಾಯಿತು. ಅದೇ ವಾರ, ಅದೇ ಸೂರಿನ ಕೆಳಗೆ, ಕೈಯಲ್ಲಿ ಕನ್ನಡಿಬಿಲ್ಲೆ ಕೂರಿಸುತ್ತಿದ್ದ ಹುಡುಗಿಯ ಹೊಲಿಗೆ ಏರುಪೇರಾಗಿದೆ ಅಂತ ಪೀಸು ರಿಜೆಕ್ಟ್ ಮಾಡಿ ಅರ್ಧ ದಿನದ ಕೂಲಿ ಹಿಡಿದರು.

ಗೆಳೆಯರೇ, ನನ್ನ ಪ್ರಶ್ನೆ ಹುಟ್ಟಿದ್ದು ಇಲ್ಲಿ. ವಾಲಿದ ಗೆರೆ ಯಂತ್ರದಿಂದ ಬಂದರೆ ಪರಂಪರೆ, ಹುಡುಗಿಯ ಕೈಯಿಂದ ಬಂದರೆ ತಪ್ಪು. ಗೆರೆ ಎರಡು ಕಡೆಯೂ ಒಂದೇ. ಬೆಲೆ ಕಟ್ಟುವವರು ಕೂಡ ಅವರೇ. ಹಾಗಾದರೆ ಅವರು ಕೊಂಡುಕೊಂಡದ್ದು ಏನನ್ನು?

ಯಂತ್ರ ಕೈಹೊಲಿಗೆಯನ್ನು ಹೊಲಿಯುವುದಿಲ್ಲ, ಅದರ ತೋರಿಕೆಯನ್ನು ಹೊಲಿಯುತ್ತದೆ. ಇದು ಬೈಗುಳ ಅಲ್ಲ, ಅದರ ಕಟ್ಟೋಣವೇ ಹಾಗೆ. ಧಾರವಾಡ ಕಡೆಯ ಕಸೂತಿಯಲ್ಲಿ ಗವಂತಿ ಎನ್ನುವ ಹೊಲಿಗೆ ಇದೆ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸುತ್ತಾರೆ. ದಾರ ಒಂದು ಬಿಟ್ಟು ಒಂದು ಮನೆ ತುಂಬುತ್ತಾ ಮುಂದೆ ಹೋಗಿ, ಬಿಟ್ಟ ಮನೆಗಳನ್ನು ತುಂಬುತ್ತಾ ಹೊರಟಲ್ಲಿಗೇ ವಾಪಸ್ಸು ಬರುತ್ತದೆ. ಗಂಟು ಹಾಕುವಂತಿಲ್ಲ. ಬಟ್ಟೆಯ ಎರಡೂ ಮೈ ಒಂದೇ ಥರ ಕಾಣುತ್ತದೆ. 1820ರ ದಶಕದ ಕೊನೆಗೆ ಫ್ರಾನ್ಸಿನ ಮುಲೂಸಿನಲ್ಲಿ ಜೋಸುವಾ ಹೈಲ್‌ಮನ್ ಮಾಡಿದ ಕಸೂತಿ ಯಂತ್ರ ಕೈಯ ಹಾಗೆಯೇ ಸೂಜಿಯನ್ನು ಬಟ್ಟೆಯಿಂದ ಪೂರಾ ಆಚೆ ಎಳೆದು ಈಚೆ ಎಳೆಯುತ್ತಿತ್ತು. 1863ರಲ್ಲಿ ಸ್ವಿಟ್ಜರ್ಲೆಂಡಿನ ಐಸಾಕ್ ಗ್ರೋಬ್ಲಿ ಅದನ್ನು ಬಿಟ್ಟು, ಕೆಳಗೊಂದು ಲಾಳಿ ಇಟ್ಟು, ಎರಡು ದಾರಗಳನ್ನು ಒಂದಕ್ಕೊಂದು ಸಿಕ್ಕಿಸಿದ. ಅಲ್ಲಿಂದ ವೇಗ ಬಂತು. ನಮ್ಮ ಶೆಡ್ಡಿನ ಯಂತ್ರವೂ ಎರಡು ದಾರದ್ದೇ: ಮೇಲೆ ಬಣ್ಣದ ದಾರ, ಕೆಳಗೆ ಬಾಬಿನ್ನಿನ ಬಿಳಿ ದಾರ. ಮುಂದೆ ಹೂವು, ಹಿಂದೆ ಬಿಳಿ ಸಿಕ್ಕು, ಅದಕ್ಕೆ ಅಂಟಿದ ಬ್ಯಾಕಿಂಗ್ ಪೇಪರು.

ಶೆಡ್ಡಿನಲ್ಲಿ ದಾರ ಕತ್ತರಿಸುವ ಕೆಲಸಕ್ಕೆ ಕೂಡ್ಲಿಗಿ ಕಡೆಯ ತಾಂಡಾದ ಅಕ್ಕ ಒಬ್ಬರು ಇದ್ದರು. ಆ ಫೇಟಿಯಾ ಅಂಚಿನ ಪೀಸು ಕೈಗೆ ಬಂದಾಗ ಮೊದಲು ತಿರುವಿ ಹಾಕಿ ನೋಡಿದರು. "ಹಿಂದ ನೋಡಬೇಕು ತಮ್ಮಾ, ಮುಂದ ಎಲ್ಲಾರೂ ಚೆಂದ ಮಾಡ್ತಾರ" ಅಂದರು. ಆಮೇಲೆ, "ಇದು ನಮ್ಮದs ಐತಿ" ಅಂದು ದಾರ ಕತ್ತರಿಸತೊಡಗಿದರು. ಸಿಟ್ಟಿರಲಿಲ್ಲ. ತಮ್ಮದೇ ಜನದ ಅಂಚು, ಅದರ ದಾರದ ತುದಿ ಕತ್ತರಿಸುವುದಕ್ಕೆ ದಿನಗೂಲಿ.

ಆ ಅಂಚು ಯಾಕೆ ವಾಲಿತ್ತು? ಎತ್ತಿನ ಹಿಂಡಿನ ಮೇಲೆ ಉಪ್ಪು, ಕಾಳು ಹೇರಿಕೊಂಡು ನಡೆದ ಜನ ಅವರು. ರೈಲು ಬಂದು ಆ ವ್ಯಾಪಾರ ಮುರಿಯಿತು. 1871ರಲ್ಲಿ ಅಪರಾಧಿ ಬುಡಕಟ್ಟು ಕಾನೂನು ಬಂತು, ಮುಂದೆ ಅದರ ಪಟ್ಟಿಗೆ ಲಂಬಾಣಿಗಳ ಕೆಲವು ಗುಂಪುಗಳೂ ಸೇರಿದವು, 1952ರ ತನಕ ಅದು ಹೋಗಲಿಲ್ಲ. ಕೂಲಿ ಮುಗಿಸಿ ಬಂದು ದೀಪದ ಬುಡದಲ್ಲಿ, ಕಂಕುಳಲ್ಲಿ ಮಗು ಇಟ್ಟುಕೊಂಡು ಹೊಲಿದರೆ ಗೆರೆ ವಾಲುತ್ತದೆ. ಅದನ್ನು ಕಲೆಯ ಸೊಗಸು ಅಂತ ಹೊಗಳುವುದೂ ನನಗೆ ಒಗ್ಗುವುದಿಲ್ಲ. ಒಳ್ಳೇ ಬೆಳಕಿದ್ದಿದ್ದರೆ ಆ ತಾಯಿಯೂ ನೆಟ್ಟಗೆ ಹೊಲಿಯುತ್ತಿದ್ದಳೋ ಏನೋ.

ಕಾನೂನು ಇದೆ ಅನ್ನುತ್ತಾರೆ. ನಿಜ. ಸಂಡೂರು ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಆದರೆ ಅದು ಕಾಯುವುದು ಹೆಸರನ್ನು. ಯಂತ್ರದ ಬಟ್ಟೆಗೆ ಆ ಹೆಸರು ಹಾಕಿ ಮಾರಿದರೆ ಹಿಡಿಯಬಹುದು; ಬೇರೆ ಯಾವುದೋ ಚೆಂದದ ಹೆಸರಿಟ್ಟು ಅದೇ ಅಂಚನ್ನು ಮಾರಿದರೆ ಅದು ಕೈಕಟ್ಟಿ ನಿಲ್ಲುತ್ತದೆ. 2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆಯ ಹೊತ್ತಿಗೆ 450ಕ್ಕೂ ಹೆಚ್ಚು ಲಂಬಾಣಿ ಹೆಣ್ಣುಮಕ್ಕಳು ಮಾಡಿದ 1755 ವಸ್ತುಗಳನ್ನು ಜೋಡಿಸಿ ಗಿನ್ನೆಸ್ ದಾಖಲೆ ಮಾಡಿದರು. ಸಂತೋಷ. ದಾಖಲೆಯಲ್ಲಿ ಎಣಿಸಿದ್ದು ವಸ್ತುಗಳನ್ನು.

ಹಾಗಂತ ಯಂತ್ರ ನಿಲ್ಲಿಸಿ ಅನ್ನುವುದಿಲ್ಲ. ಅದರ ಮುಂದೆ ರಾತ್ರಿ ಪಾಳಿ ನಿಲ್ಲುವವನೂ ಯಾವುದೋ ಬಡವರ ಮನೆಯ ಹುಡುಗ. ಮಾದರಿ ಹರಡುವುದೂ ಪಾಪವಲ್ಲ. ಲಂಬಾಣಿ ಹೆಣ್ಣುಮಕ್ಕಳು ತಾವು ಹಾದುಹೋದ ಊರುಗಳಿಂದ ಬಟ್ಟೆ, ಬಣ್ಣ, ಕವಡೆ, ನಾಣ್ಯ ಎಲ್ಲವನ್ನೂ ತೆಗೆದುಕೊಂಡು ಫೇಟಿಯಾಕ್ಕೆ ಸೇರಿಸಿಕೊಂಡವರೇ. ನನ್ನ ತಕರಾರು ಬಿಲ್ಲಿನ ಬಗ್ಗೆ. ನಾನೇ ಬರೆದ ಬಿಲ್ಲುಗಳು: ದಾರ, ಬಾಬಿನ್ನು, ಬ್ಯಾಕಿಂಗ್, ಪಂಚಿಂಗ್ ಚಾರ್ಜು, ಸಾವಿರ ಹೊಲಿಗೆಗೆ ಇಷ್ಟು. ಅಂಚು ಯಾರದು ಅನ್ನುವುದಕ್ಕೆ ಒಂದು ಸಾಲೂ ಇಲ್ಲ. ಸಾವಿರಕ್ಕೆ ಕೆಲವೇ ಪೈಸೆ ಅಂತಾದರೂ ಆ ಸಾಲು ಬರಬೇಕು. ಲೇಬಲ್ಲಿನ ಮೇಲೆ ಯಂತ್ರದ ಕೆಲಸ ಎಂದೂ, ಯಾರ ಮಾದರಿ ಎಂದೂ ಬರೆಯಬೇಕು.

ಕೊಡುವುದು ಯಾರಿಗೆ, ಯಾವ ತಾಂಡಾಕ್ಕೆ ಅಂತ ವ್ಯಾಪಾರಿಗಳು ಕೇಳುತ್ತಾರೆ. ಪ್ರಶ್ನೆ ಕಷ್ಟದ್ದೇ, ಒಪ್ಪುತ್ತೇನೆ. ಒಬ್ಬಳ ಅಂಚಲ್ಲ ಅದು, ಅವ್ವನಿಂದ ಮಗಳಿಗೆ ಬಂದದ್ದು. ತಾಂಡಾದ ಹೆಣ್ಣುಮಕ್ಕಳ ಸಂಘಗಳು ಕೂತು ತೀರ್ಮಾನಿಸಲಿ, ಅದರಲ್ಲಿ ಜಗಳವೂ ಆಗಲಿ. ಅಲ್ಲಿಯ ಶಾಲೆಗಳಲ್ಲಿ ಪಾಠ ಮಾಡುವ ಮೇಷ್ಟ್ರುಗಳು, ಟೀಚರುಗಳು ಒಂದು ಕೆಲಸ ಈಗಲೇ ಮಾಡಬಹುದು. ನಾನು ಕಂಡ ಪಂಚಿಂಗ್ ಮಾಸ್ಟರುಗಳೆಲ್ಲ ಗಂಡಸರು, ತಾಂಡಾದವರು ಒಬ್ಬರೂ ಇರಲಿಲ್ಲ. ಎಳೆ ಎಣಿಸಲು ಬರುವ ಹುಡುಗಿಗೆ ಆ ಕಂಪ್ಯೂಟರ್ ಕೆಲಸ ಕಲಿಯುವುದು ಕಷ್ಟವಾಗುವುದಿಲ್ಲ. ಎಲ್ಲಿ ಕಲಿಸುತ್ತಾರೆ, ಫೀಸು ಎಷ್ಟು ಅಂತ ಪಿಯುಸಿ ಮುಗಿಸಿದವರಿಗೆ ಕೇಳಿ ತಿಳಿಸಿ.