ನೆರಳಿಗೆ ಬೆಲೆ

ವರ್ತೂರಿನಲ್ಲಿ ಈಗ ಹೆಣ್ಣು ಕೊಡುವ ಮನೆಯವರು ಗಂಡಿನ ಜಾತಕದ ಜೊತೆಗೆ ವೀಸಾವನ್ನೂ ವಿಚಾರಿಸುತ್ತಾರೆ. ವೈಟ್‌ಫೀಲ್ಡಿನ ಕಂಪನಿಗಳು ನಮ್ಮ ರಾಗಿ ಹೊಲಗಳವರೆಗೆ ಬಂದ ಮೇಲೆ, ನನ್ನ ಮುಂದೆ ಕೂತು ಮಗ್ಗಿ ಒಪ್ಪಿಸಿದ ಹುಡುಗಿಯರೂ ಗಂಡನ ಹಿಂದೆ ಅಮೆರಿಕಕ್ಕೆ ಹೋಗುತ್ತಾರೆ. ಅವನದು ಎಚ್-1ಬಿ ವೀಸಾ, ಇವಳದು ಎಚ್-4. ಆ ನಾಲ್ಕರ ಅರ್ಥವನ್ನು ಕೇಳುವ ತಾಯಂದಿರು ಕಡಿಮೆ. ಅವನ ಕೆಲಸ ಇರುವ ತನಕ, ಅವರ ಮದುವೆ ಇರುವ ತನಕ ಇವಳು ಅಲ್ಲಿರಬಹುದು, ಅಷ್ಟೇ. ಹೀಗಿರುವಾಗ ಗಂಡ ಕೈ ಮಾಡಿದರೆ ಇವಳು ಪೊಲೀಸರನ್ನು ಕರೆದಾಳೇ? ಅವನು ಜೈಲಿಗೆ ಹೋದರೆ ಕೆಲಸ ಹೋಯಿತು, ಕೆಲಸದ ಹಿಂದೆಯೇ ಇವಳ ವೀಸಾ.

ಅಮೆರಿಕದವರು ಇದನ್ನು ಯೋಚಿಸದೆ ಇಲ್ಲ. 1994ರ ಕಾನೂನಿನಲ್ಲಿ, ಅಲ್ಲಿನ ಪ್ರಜೆಯ ಅಥವಾ ಗ್ರೀನ್ ಕಾರ್ಡ್ ಪಡೆದವನ ಹೆಂಡತಿ ಹಿಂಸೆಗೆ ಒಳಗಾದರೆ ಗಂಡನ ಹಂಗಿಲ್ಲದೆ ತಾನೇ ಅರ್ಜಿ ಹಾಕಿಕೊಳ್ಳಬಹುದೆಂದರು. ಎಚ್-4ರವಳು ಅದರಲ್ಲಿ ಬರಲಿಲ್ಲ. 2000ದಲ್ಲಿ ಯು ವೀಸಾ ಎಂಬುದು ಬಂತು. ಮನೆಯೊಳಗಿನ ಹಿಂಸೆ, ಅತ್ಯಾಚಾರದಂಥ ಅಪರಾಧಗಳಿಗೆ ಬಲಿಯಾದವರು, ಕಾಗದಪತ್ರ ಇಲ್ಲದವರಾದರೂ ಸರಿ, ಅದನ್ನು ಕೇಳಬಹುದು. ಸಿಕ್ಕರೆ 4 ವರ್ಷ ವಾಸ, ದುಡಿಯುವ ಅನುಮತಿ. 3 ವರ್ಷದ ಮೇಲೆ ಗ್ರೀನ್ ಕಾರ್ಡಿಗೆ ದಾರಿ. ಆದರೆ ವರ್ಷಕ್ಕೆ 10,000 ಮಂದಿಗಷ್ಟೇ. ಸರದಿಯಲ್ಲಿ ವರ್ಷಗಟ್ಟಲೆ ಕಾಯಬೇಕು. ಇನ್ನೊಂದು ಷರತ್ತೂ ಇದೆ. ತನಿಖೆಗೆ ಅವಳಿಂದ ನೆರವಾಯಿತೆಂದು ಪೊಲೀಸರೋ ಸರ್ಕಾರಿ ವಕೀಲರೋ ನ್ಯಾಯಾಧೀಶರೋ ಸಹಿ ಮಾಡಿಕೊಡಬೇಕು.

ನನ್ನ ಮನಸ್ಸು ನಿಲ್ಲುವುದು ಈ ಸಹಿಯ ಹತ್ತಿರ. ಇದು ಕರುಣೆಯೋ, ವ್ಯಾಪಾರವೋ? ಮಗುವಿನ ಮುಖ ನೋಡಿ, ಊರಿನಲ್ಲಿರುವ ಅಪ್ಪನ ಮಾನಕ್ಕೆ ಅಂಜಿ ಸಾಕ್ಷಿ ಹೇಳಲಾರದೆ ಹೋದವಳ ಮೈಮೇಲಿನ ಬಾಸುಂಡೆ ಏನು ಚಿಕ್ಕದೇ? ಷರತ್ತಿಲ್ಲದಿದ್ದರೆ ಸುಳ್ಳುಗಾರರು ನುಗ್ಗುತ್ತಾರೆಂದು ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬರು ವಾದಿಸಿದರು. ಇರಬಹುದು. ಹಾಗಾದರೆ ಗಾಯ ನಿಜವೇ ಎಂದು ಪರೀಕ್ಷಿಸಲಿ. ಗಾಯಗೊಂಡವಳು ಸರ್ಕಾರಕ್ಕೆ ಎಷ್ಟು ಉಪಯೋಗಕ್ಕೆ ಬಂದಳು ಎಂಬುದು ಬೇರೆಯೇ ಲೆಕ್ಕ. ಆದರೂ ಒಂದು ಮಾತು ಒಪ್ಪಬೇಕು, ಬೆಲೆ ಕೇಳುವ ನೆರಳೂ ಬಿಸಿಲಿಗಿಂತ ಮೇಲೆ.

ಯಾಕೆಂದರೆ ನಮ್ಮ ದೇಶದಲ್ಲಿ ಅಂಥ ವೀಸಾವೇ ಇಲ್ಲ. 2021ರ ಮೇ ತಿಂಗಳಲ್ಲಿ, ನಮ್ಮಿಂದ ಬಹಳ ದೂರವೇನೂ ಇಲ್ಲದ ರಾಮಮೂರ್ತಿನಗರದ ಒಂದು ಪ್ರಕರಣ ನೆನಪಿರಬಹುದು. ಬಾಂಗ್ಲಾದೇಶದ ಹೆಣ್ಣುಮಗಳೊಬ್ಬಳ ಮೇಲೆ ಅದೇ ದೇಶದವರು ಅತ್ಯಾಚಾರ ಮಾಡಿದ್ದರು. ಲೋಕಕ್ಕೆ ತಿಳಿದದ್ದು ಅವಳ ದೂರಿನಿಂದಲ್ಲ, ದುಷ್ಟರೇ ತೆಗೆದ ವಿಡಿಯೋ ಹರಡಿದ್ದರಿಂದ. ಪೊಲೀಸರು ಅವಳನ್ನು ಕೇರಳದ ಕೋಯಿಕ್ಕೋಡಿನಲ್ಲಿ ಪತ್ತೆಮಾಡಿದರು. 2022ರ ಮೇ ತಿಂಗಳಲ್ಲಿ ಬೆಂಗಳೂರಿನ ನ್ಯಾಯಾಲಯ 7 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ನ್ಯಾಯ ಸಿಕ್ಕಿತು, ನಿಜ. ಆ ವಿಡಿಯೋ ಹರಡದೇ ಇದ್ದಿದ್ದರೆ?

ಹೌರಾ ರೈಲು ನಿಲ್ದಾಣದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2000ದಲ್ಲೇ, ಬಾಂಗ್ಲಾದೇಶದ ಮಹಿಳೆಗೂ ಸಂವಿಧಾನದ 21ನೇ ವಿಧಿಯ ರಕ್ಷಣೆ ಉಂಟೆಂದು ಹೇಳಿ 10 ಲಕ್ಷ ರೂಪಾಯಿ ಪರಿಹಾರವನ್ನು ಎತ್ತಿಹಿಡಿದಿತ್ತು. ಆದರೆ ಠಾಣೆಯ ಮೆಟ್ಟಿಲು ಹತ್ತುವವಳಿಗೆ 21ನೇ ವಿಧಿ ಕಾಣುವುದಿಲ್ಲ, ಮೊದಲು ಕೇಳುವ ಆಧಾರ್ ಕಾರ್ಡು ಕಾಣುತ್ತದೆ.

ನಮ್ಮ ಕೆರೆಯಾಚೆಯ ಶೆಡ್ಡುಗಳಲ್ಲಿ ಬಂಗಾಳಿ ಮಾತಾಡುವವರಿದ್ದಾರೆ. ಬಂಗಾಳ, ಅಸ್ಸಾಂ ಕಡೆಯ ನಮ್ಮ ದೇಶದವರನ್ನೂ ಊರು ಅನುಮಾನದಿಂದಲೇ ನೋಡುತ್ತದೆ. ನಮ್ಮ ಬೀದಿಯಲ್ಲಿ ಕಸ ಆಯುವವಳ ಕೆನ್ನೆ ಒಂದೊಂದು ಬೆಳಿಗ್ಗೆ ಊದಿರುತ್ತದೆ. ಕೇಳಿದರೆ, “ಬಿದ್ದೆ ಟೀಚರ್” ಎಂದು ಚೀಲ ಹೆಗಲಿಗೇರಿಸಿ ಮುಂದಿನ ಮನೆಗೆ ಹೋಗುತ್ತಾಳೆ.