ಸರ್ವೆ ನಂಬರಿನ ಹಣೆಬರಹ

ವಿಧಾನಸೌಧದ ನೆತ್ತಿಯ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಬರೆಸಿದ ಅಂದಿನ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯ ರಾಮನಗರ ಸೀಮೆಯವರು. ನೌಕರರಲ್ಲಿ ನಿಷ್ಠೆ ಮೂಡಲೆಂಬುದು ಅವರ ಆಸೆಯಾಗಿದ್ದೀತು. ಆದರೆ ಅವರದೇ ಸೀಮೆಯ ಬಿಡದಿಯಲ್ಲಿ ಆ ಮಾತು ಬೇರೊಂದು ರೀತಿಯಲ್ಲಿ ನಿಜವಾಗಿದೆ. ಯಾರಿಗೆ ಸಿರಿ, ಯಾರಿಗೆ ಕೂಲಿ ಎಂದು ಹಂಚುವ ಕೆಲಸವನ್ನು ಇಲ್ಲಿ ಬಹುಮಟ್ಟಿಗೆ ಸರ್ಕಾರವೇ ಮಾಡಿದೆ.

1974ರಿಂದಲೇ ನೋಡಬಹುದು. ದೇವರಾಜ ಅರಸು ಕಾಲದ ಭೂಸುಧಾರಣೆ ತಿದ್ದುಪಡಿ ರಾಜ್ಯದಲ್ಲೆಲ್ಲ ಗೇಣಿದಾರರನ್ನು ಹೊಲದ ಒಡೆಯರನ್ನಾಗಿ ಮಾಡಿತು. ನಮೂನೆ 7ರಲ್ಲಿ ಅರ್ಜಿ ಹಾಕಿ ಗೆದ್ದವರಿಗೆ ಜಮೀನು ಸಿಕ್ಕಿತು. ಧಣಿಯ ಮುಲಾಜಿಗೆ ಬಿದ್ದು ಹಾಕದವರು ಹಾಗೆಯೇ ಉಳಿದರು. ಮುಂದೆ 1997ರಲ್ಲಿ ಟೊಯೊಟಾ ಕಿರ್ಲೋಸ್ಕರ್ ಬಿಡದಿಗೆ ಬಂತು, 1999ರ ಡಿಸೆಂಬರ್‌ನಲ್ಲಿ ಕ್ವಾಲಿಸ್ ತಯಾರಿಕೆ ಶುರುವಾಯಿತು. ಬಿಡಿಭಾಗದ ಕಾರ್ಖಾನೆಗಳು, ಬಾಷ್, ಕೋಕಾ ಕೋಲಾ ಎಲ್ಲ ಸುತ್ತ ನೆಲೆಯೂರಿದವು. ರಾಗಿ, ಹಿಪ್ಪುನೇರಳೆ ಬೆಳೆಯುತ್ತಿದ್ದ ಹೊಲದಲ್ಲಿ ಸೈಟಿನ ಕಲ್ಲು ನೆಟ್ಟರು. ಬದುವಿನ ಈಚೆ ಇದ್ದವನ ಜಮೀನು ಸ್ವಾಧೀನದ ದರಕ್ಕೆ ಹೋಯಿತು. ನೋಟಿಫಿಕೇಶನ್‌ನಿಂದ ತಪ್ಪಿಸಿಕೊಂಡ ಆಚೆಯವನು ಕೆಲವೇ ವರ್ಷ ಕಾದು ಅದರ ಹಲವು ಪಟ್ಟು ಎಣಿಸಿಕೊಂಡ. ಇಬ್ಬರೂ ಉತ್ತಿದ್ದು ಒಂದೇ ಮಣ್ಣನ್ನು, ಕಾದದ್ದು ಒಂದೇ ಮಳೆಗೆ.

ಇಂಥದ್ದನ್ನು ಊರಿನವರು ಹಣೆಬರಹ ಎಂದು ಬಿಟ್ಟುಬಿಡುತ್ತಾರೆ. ಹಿಂದಿನ ಜನ್ಮದ ಕರ್ಮ ಎನ್ನುವವರೂ ಇದ್ದಾರೆ. ಮಳೆ ಕೈಕೊಟ್ಟಾಗ ಆ ಮಾತಿಗೆ ಒಂದು ಸಮಾಧಾನದ ಗುಣವಿದೆ, ಅದನ್ನು ಹಗುರ ಮಾಡಬೇಕಿಲ್ಲ. ಆದರೆ ಸರ್ವೆ ನಂಬರಿನ ಪಟ್ಟಿಯನ್ನು ಯಾರೋ ಮೇಜಿನ ಮುಂದೆ ಕುಳಿತು ಸಿದ್ಧಪಡಿಸಿರುತ್ತಾರೆ. ದುರದೃಷ್ಟ ಎಲ್ಲಿ ಮುಗಿಯುತ್ತದೆ, ಅನ್ಯಾಯ ಎಲ್ಲಿ ಶುರುವಾಗುತ್ತದೆ ಎಂಬ ಗೆರೆ ಪ್ರಕೃತಿ ಎಳೆದದ್ದಲ್ಲ ಎಂದು ರಾಜಕೀಯ ಚಿಂತಕಿ ಜೂಡಿತ್ ಶ್ಕ್ಲಾರ್ 1990ರ ತಮ್ಮ ಪುಸ್ತಕದಲ್ಲಿ ವಾದಿಸಿದ್ದರು. ತಡೆಯಬಹುದಾಗಿದ್ದರೂ ತಡೆಯದ ನೋವನ್ನು ವಿಧಿಯ ಖಾತೆಗೆ ಬರೆಯುವುದು ಅಧಿಕಾರದಲ್ಲಿರುವವರಿಗೆ ಬಹಳ ಅನುಕೂಲ.

ಸ್ವಾಧೀನದಿಂದ ತಪ್ಪಿಸಿಕೊಂಡವನ ಲಾಭದ ಪ್ರಶ್ನೆಯೂ ಇದೆ. ಶರಣರ ಪ್ರಕಾರ ಕಾಯಕದಿಂದ ಬಂದದ್ದೂ ದಾಸೋಹಕ್ಕೆ ಸಲ್ಲಬೇಕು. ಪಕ್ಕದಲ್ಲಿ ಕಾರ್ಖಾನೆ ಎದ್ದಿದ್ದಕ್ಕೆ ಏರಿದ ಬೆಲೆ ಯಾರ ಕಾಯಕದ ಫಲವೂ ಅಲ್ಲ. ಅದರಲ್ಲಿ ಜಮೀನು ಕಳೆದುಕೊಂಡ ನೆರೆಯವನಿಗೆ ಪಾಲಿಲ್ಲವೇ? ರಿಯಲ್ ಎಸ್ಟೇಟ್ ಕಚೇರಿಗಳ ಗೋಡೆಯ ಮೇಲೂ ಬಸವಣ್ಣನ ಪಟ ಇರುವ ನಾಡಿನಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ.

ಎಲ್ಲವೂ ಕಸಿದ ಕಥೆಯೇ ಅಲ್ಲ. 2007ರಲ್ಲಿ ಟೊಯೊಟಾ ಇಲ್ಲೇ ತೆರೆದ ತಾಂತ್ರಿಕ ತರಬೇತಿ ಸಂಸ್ಥೆ ಹತ್ತನೇ ತರಗತಿ ಮುಗಿಸಿದ ಬಡ ಗ್ರಾಮೀಣ ಮಕ್ಕಳಿಗೆ ಊಟ, ವಸತಿಯೊಂದಿಗೆ ಮೂರು ವರ್ಷ ಕಲಿಸುತ್ತದೆ. ಕೂಲಿಯವರ ಮನೆಯ ಹುಡುಗರ ಬದುಕನ್ನು ಅದು ಬದಲಿಸಿದೆ.

ಹೆದ್ದಾರಿಯ ಲೆಕ್ಕ ಇನ್ನೂ ವಿಚಿತ್ರ. 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ಕಾರುಗಳು ಬಿಡದಿಯ ಹೊರಗಿನಿಂದಲೇ ಹಾರಿಹೋಗುತ್ತವೆ. ಹಳೆ ರಸ್ತೆಯ ಹೋಟೆಲಿನಲ್ಲಿ ಹಬೆಯಾಡುವ ತಟ್ಟೆ ಇಡ್ಲಿಯ ಮೇಲೆ ಬೆಣ್ಣೆ ಕರಗುತ್ತಿದ್ದರೂ ಮೈಸೂರಿಗೆ ಹೊರಟವರು ಅಲ್ಲಿ ಇಳಿಯುವುದು ಕಡಿಮೆಯಾಯಿತು. ಚನ್ನಪಟ್ಟಣದ ಬೊಂಬೆ ಅಂಗಡಿಗಳಿಗೂ ಅದೇ ಏಟು ಬಿತ್ತು. ಆ ವರ್ಷದ ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್‌ಗಳಿಗೆ ಎಕ್ಸ್‌ಪ್ರೆಸ್‌ವೇಯ ಮುಖ್ಯರಸ್ತೆ ಬಂದ್. ಸುರಕ್ಷತೆಯ ಕಾರಣ ಒಪ್ಪತಕ್ಕದ್ದೇ. ಆದರೂ ರಸ್ತೆಗೆ ಜಮೀನು ಬಿಟ್ಟ ರೈತ ಹಾಲಿನ ಕ್ಯಾನು ಕಟ್ಟಿದ ಎಕ್ಸೆಲ್ ಗಾಡಿಯಲ್ಲಿ ಸರ್ವಿಸ್ ರಸ್ತೆ ಹಿಡಿದು ಹೋಗುವಾಗ, ‘ಸಾರ್ವಜನಿಕ ಉದ್ದೇಶ’ದ ಸಾರ್ವಜನಿಕರು ಯಾರು ಎಂದು ಕೇಳಲೇಬೇಕಾಗುತ್ತದೆ.

ಈಗ ಜಮೀನು ಬಿಡುವ ಸರದಿ ಬೈರಮಂಗಲ, ಕಂಚುಗಾರನಹಳ್ಳಿ ಕಡೆಯದು. ವೃಷಭಾವತಿ ನದಿಗೆ ಅಡ್ಡ ಕಟ್ಟಿದ ಬೈರಮಂಗಲ ಕೆರೆಗೆ ಬೆಂಗಳೂರು ದಶಕಗಳಿಂದ ತನ್ನ ಕೊಳಚೆ ಕಳಿಸಿದೆ. ನೊರೆಯೇಳುವ ಆ ನೀರಿನಲ್ಲೇ ರೈತರು ಸೀಮೆಹುಲ್ಲು, ಬೇಬಿಕಾರ್ನ್ ಬೆಳೆದು ಬದುಕಿದ್ದಾರೆ. 2006ರ ಸುಮಾರಿಗೆ ಎಚ್.ಡಿ. ಕುಮಾರಸ್ವಾಮಿ ಸರ್ಕಾರ ಇದೇ ಪ್ರದೇಶಕ್ಕೆ ರೂಪಿಸಿದ ಟೌನ್‌ಶಿಪ್ ಯೋಜನೆ ವರ್ಷಗಟ್ಟಲೆ ಕಡತದಲ್ಲಿ ಮಲಗಿ, 2025ರಲ್ಲಿ ಕಾಂಗ್ರೆಸ್ ಸರ್ಕಾರದ ಕೈಯಲ್ಲಿ ಮತ್ತೆ ಎದ್ದಿದೆ. ಅದಕ್ಕೆ ಬೇಕಿರುವುದು ಸುಮಾರು 9,000 ಎಕರೆ. ಬೈರಮಂಗಲದಲ್ಲಿ ರೈತರು ಧರಣಿ ಕೂತರು. ದುಡ್ಡು ಕೊಟ್ಟು ಜಮೀನು ತಗೊಳ್ಳಲಿ ಎನ್ನುವವರೂ ಊರೊಳಗೇ ಇದ್ದಾರೆ.

ಪರಿಹಾರದ ಮೊತ್ತ ಹೆಚ್ಚಾದರೆ ಎಲ್ಲ ಸರಿಹೋಗುತ್ತದೆಂಬ ವಾದ ಪಹಣಿಯಲ್ಲಿ ಹೆಸರಿದ್ದವರಿಗಷ್ಟೇ ಹೊಂದುತ್ತದೆ. ಕಾನೂನಿನ ಪ್ರಕಾರ ಹಿಂದೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲಿದೆ. ಆದರೂ ಚೆಕ್ ಬರುವ ಹೊತ್ತಿಗೆ ತವರಿನ ಪ್ರೀತಿಯ ಹೆಸರಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಅಕ್ಕತಂಗಿಯರ ಸಹಿ ಬೀಳುವುದುಂಟು. ಜಮೀನೇ ಇಲ್ಲದೆ ಕಳೆ ಕೀಳುವವರು, ಹುಲ್ಲು ಕೊಯ್ಯುವವರು ಇನ್ನೂ ಹಿಂದಿನ ಸಾಲಿನಲ್ಲಿ. ಸ್ವಾಧೀನಕ್ಕೆ ಮುಂಚಿನ ಮೂರು ವರ್ಷ ಆ ನೆಲದಲ್ಲಿ ದುಡಿದು, ಅದೇ ಮುಖ್ಯ ಜೀವನೋಪಾಯವಾಗಿದ್ದ ಕೃಷಿಕೂಲಿ ಕುಟುಂಬವನ್ನೂ ಕೇಂದ್ರದ 2013ರ ಭೂಸ್ವಾಧೀನ ಕಾಯ್ದೆ ಬಾಧಿತರ ಪಟ್ಟಿಗೆ ಸೇರಿಸುತ್ತದೆ. ಹಾಗೆ ದುಡಿದದ್ದಕ್ಕೆ ರಸೀದಿ ಯಾರ ಬಳಿಯೂ ಇರುವುದಿಲ್ಲ. ನರೇಗಾ ಜಾಬ್ ಕಾರ್ಡ್, ಡೈರಿಗೆ ಹಾಲು ಹಾಕಿದ ಪುಸ್ತಕ, ಕೆಲಸ ಕೊಟ್ಟ ರೈತನ ಹೇಳಿಕೆ ಇಷ್ಟನ್ನು ಗ್ರಾಮಸಭೆಯ ಮುಂದಿಟ್ಟು, ಪಹಣಿ ಪಟ್ಟಿಯ ಜೊತೆಗೇ ಇವರ ಪಟ್ಟಿಯನ್ನೂ ಮಾಡಿಸಲು ತಹಶೀಲ್ದಾರರಿಗೆ ದೊಡ್ಡ ಖರ್ಚೇನೂ ಆಗದು.